ಎಣ್ಣೆಕಾಳು ಬೆಳೆಗೆ ಸಸ್ಯ ಚೋದಕ: ಎಷ್ಟು, ಯಾವಾಗ, ಏಕೆ

(ನಮ್ಮ ಸದಸ್ಯ ಬೆಳೆಗಾರರು ಅಧ್ಯಯನ ಪ್ರವಾಸದಲ್ಲಿ ವಯನಾಡು ಜಿಲ್ಲೆಗೆ ಹೋಗಿದ್ದಾಗ ಸುಲ್ತಾನ್ ಬತ್ತೇರಿಯಲ್ಲಿ ಅಲ್ಲಿನ ನಿವೃತ್ತ ಕೃಷಿ ಕಾರ್ಯಕರ್ತರೊಬ್ಬರು ಕನ್ನಡದಲ್ಲಿ ಮಾಡಿದ ಭಾಷಣದ ಪಾಠ)



ಗಡಿ ದಾಟಿ ಬಂದ ನಿಮಗೆ ಈ ಊರಿನಲ್ಲಿ ಕನ್ನಡ ಕೇಳಿ ಆಶ್ಚರ್ಯವಾಗಿರಬಹುದು. ಸುಲ್ತಾನ್ ಬತ್ತೇರಿ ಎಂಬ ಹೆಸರು ಟಿಪ್ಪುವಿನ ಕಾಲದ್ದು. ಅದಕ್ಕೆ ಮೊದಲು ಇದು 'ಹನ್ನೆರಡು ಬೀದಿ'. ಕನ್ನಡ ನಾಡಿನಿಂದ ಬಂದ ಜೈನರು ಇಲ್ಲಿ ನೆಲೆಸಿದ್ದರು. ಅವರ ಕಲ್ಲಿನ ಬಸದಿ ಇನ್ನೂ ನಿಂತಿದೆ. ಆದ್ದರಿಂದ ಪರಸ್ಥಳಕ್ಕೆ ಬಂದೆವೆಂದು ಸಂಕೋಚ ಪಡಬೇಡಿ. ರಾತ್ರಿ 9 ಗಂಟೆಗೆ ಬಂಡೀಪುರದ ಕಾಡಿನ ಗೇಟು ಮುಚ್ಚುತ್ತದೆ, 2009ರಿಂದ ಈ ನಿಯಮವಿದೆ, ಅಷ್ಟರೊಳಗೆ ನಿಮ್ಮ ಬಸ್ಸು ದಾಟಬೇಕು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬೆಳಿಗ್ಗೆ ಗುಂಡ್ಲುಪೇಟೆಯ ಸುತ್ತ ರಸ್ತೆಯ ಇಕ್ಕೆಲಗಳಲ್ಲಿ ಸೂರ್ಯಕಾಂತಿ ಅರಳಿ ನಿಂತದ್ದನ್ನು ಕಂಡಿರಿ. ನಮ್ಮ ಕಡೆಯವರು ಕಾರು ಮಾಡಿಕೊಂಡು ಹೋಗಿ ಅದರ ನಡುವೆ ಫೋಟೋ ತೆಗೆಸಿಕೊಳ್ಳುವುದನ್ನೂ ಕಂಡಿರಿ. ಮೂಲೆಹೊಳೆ, ಮುತ್ತಂಗ ದಾಟಿದ ಮೇಲೆ ಆ ಹಳದಿ ಇಲ್ಲ. ಕಾಫಿ, ಮೆಣಸು, ಅಡಿಕೆ, ಶುಂಠಿ, ಮನೆಯ ಸುತ್ತ ತೆಂಗು. ಮುಂಗಾರು ಮಳೆ ಘಟ್ಟದ ಈ ಮಗ್ಗುಲಲ್ಲಿ ಸುರಿದು, ನಿಮ್ಮ ಕಡೆಗೆ ಬರುವಷ್ಟರಲ್ಲಿ ತೆಳುವಾಗಿರುತ್ತದೆ. ಸೂರ್ಯಕಾಂತಿ, ಕಡಲೆಕಾಯಿ ನಿಮ್ಮವು, ತೆಂಗು ಇಬ್ಬರದೂ. ಎಣ್ಣೆಯಂತೂ ಎಲ್ಲರ ಮನೆಗೂ ಬೇಕು.

ನಿಮ್ಮಲ್ಲಿ ಹಲವರು ಕಬ್ಬಿನ ಸಾಲಿನ ನಡುವೆ ಕಡಲೆಕಾಯಿ ಹಾಕುತ್ತೀರಿ. ಕೆಲವರು ಕೂಳೆ ತೆಗೆದ ಮೇಲೆ ಸೂರ್ಯಕಾಂತಿ ಬಿತ್ತುತ್ತೀರಿ. ಅಂಗಡಿಯವರು "ಇದೊಂದು ಹಾರ್ಮೋನು ಹೊಡೆಯಿರಿ, ಕಾಳು ತುಂಬುತ್ತದೆ" ಎಂದು ಬಾಟಲಿ ಕೊಡುತ್ತಾರೆ. ನಂಬಬೇಕೋ ಬಿಡಬೇಕೋ ಎಂಬುದು ನಿಮ್ಮ ಪ್ರಶ್ನೆ.

ಜಲ್ಲೆಯ ತುದಿಯ ಕಣ್ಣು

ಸಸ್ಯ ಚೋದಕವೆಂದರೆ ಏನೆಂದು ಕಬ್ಬು ಬೆಳೆಗಾರರಿಗೆ ಹೇಳುವುದು ಸುಲಭ. ಪೂರ್ತಿ ಜಲ್ಲೆಯನ್ನು ಸಾಲಿನಲ್ಲಿ ಮಲಗಿಸಿ ಮಣ್ಣು ಮುಚ್ಚಿದರೆ ತುದಿಯ ಕಡೆಯ ಕಣ್ಣುಗಳು ಮೊದಲು ಒಡೆಯುತ್ತವೆ, ಬುಡದ ಕಣ್ಣುಗಳು ಸುಮ್ಮನೆ ಮಲಗಿರುತ್ತವೆ. ಅದೇ ಜಲ್ಲೆಯನ್ನು ಎರಡು ಮೂರು ಕಣ್ಣಿನ ತುಂಡು ಮಾಡಿ ನಾಟಿ ಮಾಡಿದರೆ ಹೆಚ್ಚು ಕಣ್ಣುಗಳು ಮೊಳೆಯುತ್ತವೆ. ಗೊಬ್ಬರ ಬದಲಾಗಲಿಲ್ಲ, ನೀರು ಬದಲಾಗಲಿಲ್ಲ. ಮತ್ತೆ ಬದಲಾದದ್ದು ಏನು? ತುದಿಯಿಂದ ಬುಡಕ್ಕೆ ಹರಿಯುತ್ತಿದ್ದ 'ನೀನು ಮಲಗಿರು' ಎಂಬ ಅಪ್ಪಣೆಯನ್ನು ನಿಮ್ಮ ಮಚ್ಚು ಕಡಿಯಿತು. ಆ ಅಪ್ಪಣೆಯನ್ನು ಹೊತ್ತು ಹರಿಯುವ ವಸ್ತುವೇ ಆಕ್ಸಿನ್ ಎಂಬ ಚೋದಕ. ನಿಮ್ಮ ತಾತಂದಿರು ಆಕ್ಸಿನ್ ಎಂಬ ಹೆಸರು ಕೇಳದೆಯೇ ಅದನ್ನು ಆಳುತ್ತಿದ್ದರು.

ವಿಜ್ಞಾನಿಗಳು ಇದನ್ನು ಹಿಡಿದದ್ದು ನಿಧಾನವಾಗಿ. ಮೊಳಕೆಯ ತುದಿಗೆ ಬೆಳಕು ಬಿದ್ದರೆ ಬಾಗುವುದು ಕೆಳಗಿನ ಭಾಗ ಎಂದು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ 1880ರಲ್ಲಿ ಬರೆದರು. ತುದಿಯಿಂದ ಇಳಿಯುವ ವಸ್ತು ನಿಜವಾಗಿ ಇದೆಯೆಂದು 1926ರಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ಮೇಲೆ ತೋರಿಸಿಕೊಟ್ಟರು. ಅದೇ ವರ್ಷ ಜಪಾನಿನ ಕುರೊಸಾವಾ ಭತ್ತದ ಒಂದು ರೋಗದ ಮೂಲ ಹುಡುಕುತ್ತಿದ್ದರು. ಆ ರೋಗ ಬಂದ ಸಸಿ ಉಳಿದವಕ್ಕಿಂತ ಎತ್ತರ ಬೆಳೆದು, ಬಳುಕಿ, ಕಾಳು ಕಟ್ಟದೆ ಹೋಗುತ್ತಿತ್ತು. ಜಪಾನಿನ ರೈತರು ಅದಕ್ಕೆ 'ಪೆದ್ದು ಸಸಿ' ಎಂಬ ಅರ್ಥದ ಹೆಸರಿಟ್ಟಿದ್ದರು. ಒಂದು ಶಿಲೀಂಧ್ರ ಹೊರಬಿಡುವ ರಸವೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಅದೇ ಜಿಬ್ಬರೆಲಿನ್. ಆ ಪೆದ್ದು ಸಸಿಯನ್ನು ನೆನಪಿಟ್ಟುಕೊಳ್ಳಿ. ಹಸಿರು ಹೆಚ್ಚಿತು, ಎತ್ತರ ಹೆಚ್ಚಿತು ಎಂದಮಾತ್ರಕ್ಕೆ ಇಳುವರಿ ಹೆಚ್ಚಿತೆಂದು ಅರ್ಥವಲ್ಲ.

ಎಣ್ಣೆಕಾಳು ಬೆಳೆಯೇ ಲೋಕಕ್ಕೆ ಒಂದು ಚೋದಕವನ್ನು ಕೊಟ್ಟಿದೆ. ಸಾಸಿವೆಯ ಬಳಗದ ರೇಪ್ ಬೆಳೆಯಲ್ಲಿ ಜೇನುಹುಳುಗಳು ತಂದ 227 ಕಿಲೋ ಪರಾಗವನ್ನು ಸೋಸಿ, ಅಮೆರಿಕದ ವಿಜ್ಞಾನಿಗಳು 1979ರಲ್ಲಿ ಬ್ರಾಸಿನೊಲೈಡ್ ಎಂಬ ಚೋದಕದ ರಚನೆಯನ್ನು ಪ್ರಕಟಿಸಿದರು. ಅಷ್ಟು ಪರಾಗದಿಂದ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ. ಗಿಡ ತಾನೇ ಇಷ್ಟು ಸೂಕ್ಷ್ಮ ಅಳತೆಯಲ್ಲಿ ಬಳಸುವ ವಸ್ತುವನ್ನು ನಾವು ಮುಚ್ಚಳದಲ್ಲಿ ಅಳೆದು ಸುರಿದರೆ ಏನಾದೀತು?

ನಾನು ಇಂದು ಹೇಳಬೇಕಾದದ್ದು ಒಂದೇ ಮಾತು. ಚೋದಕವು ಗೊಬ್ಬರವಲ್ಲ, ಆಹಾರವಲ್ಲ, ಅದು ಅಪ್ಪಣೆ. ಉಗ್ರಾಣದಲ್ಲಿ ಅಕ್ಕಿ ಇದ್ದರೆ 'ಅಡಿಗೆ ಮಾಡು' ಎಂಬ ಅಪ್ಪಣೆಗೆ ಬೆಲೆ. ಉಗ್ರಾಣ ಬರಿದಾಗಿದ್ದರೆ ಎಷ್ಟು ಕೂಗಿದರೂ ಅನ್ನ ಬೇಯುವುದಿಲ್ಲ.

ಒಂದೇ ವಸ್ತು, ಎರಡು ಗುಣ

ನಿಮ್ಮ ಕಬ್ಬಿನ ಗದ್ದೆಯಲ್ಲಿ ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ ನಿಮಗೆಲ್ಲ ಗೊತ್ತು. ಅದು ವಿಷವೆಂದು ಮಾತ್ರ ತಿಳಿದಿದ್ದೀರಿ. ನಿಜಕ್ಕೆ ಅದು ಮನುಷ್ಯರು ತಯಾರಿಸಿದ ಆಕ್ಸಿನ್. 1940ರ ದಶಕದಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅದರ ಕಳೆನಾಶಕ ಗುಣ ಪತ್ತೆಯಾಯಿತು. ಅಗಲ ಎಲೆಯ ಗಿಡಕ್ಕೆ ಮಿತಿಮೀರಿದ ಅಪ್ಪಣೆ ಕೊಟ್ಟು, ಅದು ಹುಚ್ಚೆದ್ದು ಬೆಳೆದು ತಿರುಚಿಕೊಂಡು ಸಾಯುವಂತೆ ಮಾಡುತ್ತದೆ. ಹುಲ್ಲಿನ ಜಾತಿಯಾದ ಕಬ್ಬು, ರಾಗಿ, ಜೋಳಗಳು ತಡೆದುಕೊಳ್ಳುತ್ತವೆ. ಸೂರ್ಯಕಾಂತಿ ಅಗಲ ಎಲೆಯ ಗಿಡ. ಕಡಲೆಕಾಯಿ, ಎಳ್ಳು, ಹರಳು ಎಲ್ಲವೂ ಅಗಲ ಎಲೆಯವೇ.

ಲೆಕ್ಕ ನೋಡಿ. ಕಳೆಗೆ ಹೆಕ್ಟೇರಿಗೆ ಸುಮಾರು 1 ಕಿಲೋ ಮೂಲವಸ್ತುವನ್ನು 500 ಲೀಟರ್ ನೀರಿನಲ್ಲಿ ಹೊಡೆದರೆ ಅದು 2,000 ಪಿ.ಪಿ.ಎಂ. ಆಗುತ್ತದೆ. ಪಿ.ಪಿ.ಎಂ. ಎಂದರೆ ಹತ್ತು ಲಕ್ಷ ಪಾಲಿಗೆ ಒಂದು ಪಾಲು. ಒಂದು ಲೀಟರಿಗೆ ಒಂದು ಮಿಲಿಗ್ರಾಂ. ಇದೇ 2,4-ಡಿಯನ್ನು 30 ಪಿ.ಪಿ.ಎಂ. ಪ್ರಮಾಣದಲ್ಲಿ ತೆಂಗಿನ ಹೊಂಬಾಳೆಗೆ ಹೊಡೆದರೆ ಹರಳು ಉದುರುವುದನ್ನು ತಡೆಯುತ್ತದೆಂಬ ಶಿಫಾರಸು ಇದೆ. ಕೊಲ್ಲುವುದಕ್ಕೂ ಉಳಿಸುವುದಕ್ಕೂ ಇರುವ ಅಂತರ ಅಳತೆಯದು ಮಾತ್ರ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗುಂಡ್ಲುಪೇಟೆ ಕಡೆಯ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಭಾವ ಬಾವಿಯ ನೀರಿನಲ್ಲಿ ಸ್ವಲ್ಪ ಕಬ್ಬು, ಪಕ್ಕದಲ್ಲಿ ಒಂದು ಎಕರೆ ಸೂರ್ಯಕಾಂತಿ ಇಟ್ಟಿದ್ದರು. ನನ್ನ ತರಬೇತಿಯ ಜಂಬ ತೋರಿಸಲು ಚೋದಕದ ಬಾಟಲಿ ತೆಗೆದುಕೊಂಡು ಹೋಗಿದ್ದೆ. ಮನೆಯಲ್ಲಿದ್ದ ಸಿಂಪರಣೆಯ ಕ್ಯಾನನ್ನು ಒಂದು ಸಲ ನೀರು ಹಾಕಿ ಕುಲುಕಿ ಚೆಲ್ಲಿ, ಔಷಧಿ ಬೆರೆಸಿ, ಎಕರೆಗೆ ಎಕರೆಯನ್ನೇ ನಾನೇ ಹೊಡೆದೆ. ಮೂರನೆಯ ದಿನ ಗಿಡಗಳ ಕತ್ತು ಹಾವಿನಂತೆ ತಿರುಚಿತು. ಎಲೆ ಮುದುಡಿತು. ಆಮೇಲೆ ಬಂದ ತೆನೆಗಳು ಸೊಟ್ಟಗೆ, ಕಾಳಿಲ್ಲದೆ ನಿಂತವು. ಹಿಂದಿನ ವಾರ ಅದೇ ಕ್ಯಾನಿನಲ್ಲಿ ಕಬ್ಬಿಗೆ 2,4-ಡಿ ಹೊಡೆದಿದ್ದರು. ನಾನು ಕೇಳಿರಲಿಲ್ಲ.

ಆ ಎಕರೆಯ ಹಣದಲ್ಲಿ ಮಗಳ ಶಾಲೆಯ ಖರ್ಚು ನಡೆಯಬೇಕಿತ್ತು. ಭಾವ ಒಂದು ಮಾತು ಬೈಯಲಿಲ್ಲ. "ಔಷಧಿ ತಪ್ಪಲಿಲ್ಲ ಕಣೋ, ಕ್ಯಾನು ತಪ್ಪಿತು" ಎಂದರು. ಅಕ್ಕ ಮಾತ್ರ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅಂದಿನಿಂದ ಯಾವ ಊರಿಗೆ ಹೋದರೂ ನಾನು ಮೊದಲು ಕೇಳುವುದು ಇದನ್ನೇ: ಕಳೆನಾಶಕಕ್ಕೆ ಬೇರೆ ಕ್ಯಾನು ಇಟ್ಟಿದ್ದೀರಾ? ಇಲ್ಲದಿದ್ದರೆ ಇಡಿ. ಗುರುತಿಗೆ ಕೆಂಪು ಬಣ್ಣ ಬಳಿಯಿರಿ. ಕಬ್ಬಿನ ನಡುವೆ ಕಡಲೆಕಾಯಿ ಹಾಕಿದವರು ಆ ಗದ್ದೆಗೆ 2,4-ಡಿ ತರಲೇಬೇಡಿ. ಪಕ್ಕದ ಹೊಲದಲ್ಲಿ ಸೂರ್ಯಕಾಂತಿ ಇದ್ದರೆ ಗಾಳಿ ಆ ಕಡೆ ಬೀಸುವಾಗ ಹೊಡೆಯಬೇಡಿ. ನಿಮ್ಮ ಕಬ್ಬು ಚೆನ್ನಾಗಿರುತ್ತದೆ, ನೆರೆಯವನ ಬೆಳೆ ಹೋಗುತ್ತದೆ.

ಸೂರ್ಯಕಾಂತಿ

ಸೂರ್ಯಕಾಂತಿ ನಮ್ಮ ದೇಶಕ್ಕೆ ಎಣ್ಣೆಬೆಳೆಯಾಗಿ ಬಂದದ್ದು 1969ರಲ್ಲಿ, ಸೋವಿಯತ್ ರಷ್ಯಾದಿಂದ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1980ರಲ್ಲಿ ಬಿಡುಗಡೆ ಮಾಡಿದ ಬಿ.ಎಸ್.ಎಚ್.-1 ದೇಶದ ಮೊದಲ ಸೂರ್ಯಕಾಂತಿ ಸಂಕರಣ ತಳಿ. ಆಗಿನಿಂದ ಇಂದಿನವರೆಗೂ ರೈತರ ದೂರು ಒಂದೇ: ತೆನೆಯ ನಡುಭಾಗದಲ್ಲಿ ಜೊಳ್ಳು.

ಜೊಳ್ಳಿಗೆ ಕಾರಣ ಹಲವು. ಮೊದಲನೆಯದು ಪರಾಗಸ್ಪರ್ಶ. ಸೂರ್ಯಕಾಂತಿಗೆ ಒಂದು ಗಿಡದ ಪರಾಗ ಮತ್ತೊಂದು ಗಿಡಕ್ಕೆ ಹೋಗಬೇಕು. ಆ ಕೆಲಸ ಜೇನುಹುಳುವಿನದು. ಹೆಕ್ಟೇರಿಗೆ ಸುಮಾರು 5 ಜೇನುಪೆಟ್ಟಿಗೆ ಇಡಿ. ಜೇನು ಇಲ್ಲದ ಕಡೆ ಬೆಳಿಗ್ಗೆ 8ರಿಂದ 11ರ ಒಳಗೆ, ದಿನ ಬಿಟ್ಟು ದಿನ, ಮೃದುವಾದ ಬಟ್ಟೆಯಿಂದ ತೆನೆಗಳನ್ನು ಒಂದಾದ ಮೇಲೊಂದು ಸವರಿ. ಎರಡನೆಯದು ಬೋರಾನ್ ಕೊರತೆ. ಹೊರಸುತ್ತಿನ ಹಳದಿ ದಳ ಬಿಚ್ಚುವ ಹೊತ್ತಿಗೆ ಲೀಟರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ತೆನೆಗೆ ಸಿಂಪಡಿಸಿ. ಮೂರನೆಯದು, ಹೂ ಬಿಡುವಾಗ ಮತ್ತು ಕಾಳು ತುಂಬುವಾಗ ನೀರು ತಪ್ಪುವುದು.

ಈ ಮೂರೂ ಸರಿ ಇದ್ದ ಮೇಲೆ ಚೋದಕದ ಸರದಿ. ನ್ಯಾಫ್ತಲಿನ್ ಅಸಿಟಿಕ್ ಆಮ್ಲ, ಚಿಕ್ಕದಾಗಿ ಎನ್.ಎ.ಎ., ಇದನ್ನು 20 ಪಿ.ಪಿ.ಎಂ. ಪ್ರಮಾಣದಲ್ಲಿ ಬಿತ್ತಿದ 30ನೆಯ ಮತ್ತು 60ನೆಯ ದಿನ ಹೊಡೆಯಬೇಕೆಂದು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡಿದೆ. ಅಂಗಡಿಯಲ್ಲಿ ಸಿಗುವ ಶೇಕಡಾ 4.5ರ ದ್ರಾವಣವಾದರೆ ಎಕರೆಗೆ 250 ಲೀಟರ್ ನೀರಿಗೆ 112 ಮಿ.ಲೀ. 60ನೆಯ ದಿನ ಹೂವಿನ ಮೇಲೆ ಜೇನು ಇರುತ್ತದೆ. ಆದ್ದರಿಂದ ಸಂಜೆ, ಹುಳು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ. ಕಾಳು ಕಟ್ಟಿಸುವ ಕೂಲಿಯಾಳನ್ನು ಓಡಿಸಿ ಕಾಳು ಕೇಳುವುದು ನ್ಯಾಯವಲ್ಲ.

ಚೋದಕ ರೋಗಕ್ಕೆ ಮದ್ದಲ್ಲ ಎಂಬುದನ್ನೂ ತಿಳಿದಿರಿ. 1997ರಲ್ಲಿ ಬಾಗೇಪಲ್ಲಿ ಕಡೆ ಸೂರ್ಯಕಾಂತಿಗೆ ನೆಕ್ರೋಸಿಸ್ ಎಂಬ ನಂಜುರೋಗ ಕಾಣಿಸಿಕೊಂಡು ಎಷ್ಟೋ ಹೊಲಗಳು ಒಣಗಿದವು. ಅದು ಥ್ರಿಪ್ಸ್ ನುಸಿಯ ಮೂಲಕ ಹರಡುವ ವೈರಸ್ಸು. ಅಲ್ಲಿ ಯಾವ ಚೋದಕವೂ ನಡೆಯುವುದಿಲ್ಲ.

ಕಡಲೆಕಾಯಿ

ಕಡಲೆಕಾಯಿ ಗಿಡ ಬಿಡುವ ಹೂವು ಬಹಳ, ಕಾಯಾಗುವುದು ಕೆಲವು. ಹೂವಿನ ಬುಡದಿಂದ ಸೂಜಿಯಂಥ ಎಳೆ ನೆಲಕ್ಕೆ ಇಳಿದರೆ ಮಾತ್ರ ಕಾಯಿ. ನೆಲ ಗಟ್ಟಿಯಾಗಿದ್ದರೆ ಅದು ಇಳಿಯುವುದಿಲ್ಲ. ನೆಲದಲ್ಲಿ ಸುಣ್ಣದ ಅಂಶ ಇಲ್ಲದಿದ್ದರೆ ಇಳಿದರೂ ಕಾಯಿ ಪೊಳ್ಳಾಗುತ್ತದೆ. ಆದ್ದರಿಂದ ಹೂ ಬಿಡುವ ಕಾಲಕ್ಕೆ ಎಕರೆಗೆ ಸುಮಾರು 200 ಕಿಲೋ ಜಿಪ್ಸಮ್ ಕೊಟ್ಟು ಬುಡಕ್ಕೆ ಮಣ್ಣು ಏರಿಸುವುದು ಮೊದಲ ಕೆಲಸ.

ಅದಾದ ಮೇಲೆ ಕೊಯಮತ್ತೂರಿನವರದೇ ಒಂದು ಶಿಫಾರಸು ಇದೆ. ಅದನ್ನು ಎಕರೆ ಲೆಕ್ಕಕ್ಕೆ ಇಳಿಸಿ ಹೇಳುತ್ತೇನೆ. 1 ಕಿಲೋ ಡಿ.ಎ.ಪಿ., 400 ಗ್ರಾಂ ಅಮೋನಿಯಂ ಸಲ್ಫೇಟ್, 200 ಗ್ರಾಂ ಬೋರಾಕ್ಸ್ ಇವನ್ನು 15 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ತಿಳಿಯನ್ನು ಸೋಸಿ 200 ಲೀಟರಿಗೆ ಏರಿಸಿ. ಬೇಕಾದರೆ ಇದಕ್ಕೇ ಶೇಕಡಾ 4.5ರ ಎನ್.ಎ.ಎ. 140 ಮಿ.ಲೀ. ಸೇರಿಸಿ 25ನೆಯ ಮತ್ತು 35ನೆಯ ದಿನ ಸಿಂಪಡಿಸಿ. ಗಮನಿಸಿ: ಇಲ್ಲಿ ಊಟ ಮೊದಲು, ಅಪ್ಪಣೆ ಆಮೇಲೆ, ಎನ್.ಎ.ಎ. ಸೇರಿಸುವುದು 'ಬೇಕಾದರೆ' ಮಾತ್ರ.

ತೆಂಗು

ತೆಂಗಿನ ಹರಳು ಉದುರುವುದಕ್ಕೆ ನೀರಿನ ಕೊರತೆ, ನೀರು ನಿಲ್ಲುವುದು, ಪೊಟ್ಯಾಷ್ ಕೊರತೆ, ಕೀಟ, ರೋಗ ಎಲ್ಲವೂ ಕಾರಣ. ಇವು ಯಾವುವೂ ಅಲ್ಲವೆಂದು ಖಚಿತವಾದ ಮರಕ್ಕೆ, ಹೊಂಬಾಳೆ ಬಿಚ್ಚಿದ ಒಂದು ತಿಂಗಳಿಗೆ 20 ಪಿ.ಪಿ.ಎಂ. ಎನ್.ಎ.ಎ., ಅಂದರೆ 100 ಲೀಟರ್ ನೀರಿಗೆ 2 ಗ್ರಾಂ ಮೂಲವಸ್ತು, ಸಿಂಪಡಿಸಬಹುದು. 2,4-ಡಿಯೂ ನಡೆಯುತ್ತದೆಂದು ಆಗಲೇ ಹೇಳಿದೆ. ಆದರೆ ಮನೆಯಲ್ಲಿ ಸೂಕ್ಷ್ಮ ತಕ್ಕಡಿ ಇಲ್ಲದವರು ಅದರ ಗೋಜಿಗೆ ಹೋಗದಿರುವುದೇ ಲೇಸು.

ಅಳತೆ

ಶೇಕಡಾ 4.5ರ ಎನ್.ಎ.ಎ. ದ್ರಾವಣದಲ್ಲಿ 1 ಮಿ.ಲೀ.ಯನ್ನು ನಾಲ್ಕೂವರೆ ಲೀಟರ್ ನೀರಿಗೆ ಹಾಕಿದರೆ 10 ಪಿ.ಪಿ.ಎಂ. ಹಾಗಾದರೆ 15 ಲೀಟರಿನ ಕ್ಯಾನಿಗೆ 20 ಪಿ.ಪಿ.ಎಂ. ಬೇಕಾದರೆ 7 ಮಿ.ಲೀ.ಗೆ ಸ್ವಲ್ಪ ಕಡಿಮೆ. ಕಡಲೆಕಾಯಿಗೆ ಹೇಳಿದ ಲೆಕ್ಕದಲ್ಲಿ ಕ್ಯಾನಿಗೆ ಹತ್ತೂವರೆ ಮಿ.ಲೀ. ಬಾಟಲಿಯ ಮುಚ್ಚಳ ಅಳತೆಯಲ್ಲ, ಅಂದಾಜೂ ಅಳತೆಯಲ್ಲ. ಔಷಧಿ ಅಂಗಡಿಯಲ್ಲಿ ಸೂಜಿಯಿಲ್ಲದ ಒಂದು ಸಿರಿಂಜು ಕೊಂಡು ಇದಕ್ಕೆಂದೇ ಬೇರೆ ಇಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. 'ಇನ್ನೊಂದಿಷ್ಟು ಇರಲಿ' ಎಂದು ಹಾಕುವ ಕೈಯೇ ಬೆಳೆಯನ್ನು ಕೆಡಿಸುವುದು. ಬಾಡಿ ನಿಂತ ಗಿಡಕ್ಕೆ ಹೊಡೆಯಬೇಡಿ. ನೀರು ಕೊಟ್ಟು ಗಿಡ ಚೇತರಿಸಿಕೊಂಡ ಮೇಲೆ ಹೊಡೆಯಿರಿ.

ಅಂಗಡಿಯ ಬಾಟಲಿ

ಎನ್.ಎ.ಎ., ಜಿಬ್ಬರೆಲಿಕ್ ಆಮ್ಲ ಮುಂತಾದ ಚೋದಕಗಳು 1968ರ ಕೀಟನಾಶಕ ಕಾಯಿದೆಯಡಿ ನೋಂದಣಿಯಾಗಬೇಕು. ಬಾಟಲಿಯ ಮೇಲೆ ನೋಂದಣಿ ಸಂಖ್ಯೆ, ಮೂಲವಸ್ತುವಿನ ಹೆಸರು ಮತ್ತು ಶೇಕಡಾವಾರು, ಅವಧಿ ಮುಗಿಯುವ ದಿನಾಂಕ, ಬಣ್ಣದ ತ್ರಿಕೋನ ಇರಬೇಕು. ಕಡಲಕಳೆಯ ಸತ್ವ ಮುಂತಾದ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆಜ್ಞೆಯ ಕೆಳಗೆ ತರಲಾಯಿತು. ಹೆಸರಿಲ್ಲದ, ಬರೀ 'ಟಾನಿಕ್' ಎಂದು ಬರೆದ ಬಾಟಲಿಯನ್ನು ಸಾಲಕ್ಕೆ ಕೊಟ್ಟರೂ ಬೇಡವೆನ್ನಿ. ರಸೀದಿ ಕೇಳಿ ಪಡೆಯಿರಿ.

ಇನ್ನೊಂದು ಬಗೆಯ ಬಾಟಲಿಯ ಕಥೆ ಕೇಳಿ. 1977ರಲ್ಲಿ ಅಮೆರಿಕದ ರೀಸ್ ಮತ್ತು ಸಂಗಡಿಗರು ಕುದುರೆಮಸಾಲೆ ಸೊಪ್ಪಿನಲ್ಲಿ ಟ್ರಯಾಕಾಂಟನಾಲ್ ಎಂಬ ವಸ್ತು ಬೆಳವಣಿಗೆ ಹೆಚ್ಚಿಸುತ್ತದೆಂದು ತಿಳಿಸಿದರು. ನಮ್ಮಲ್ಲೂ ಅದರ ಬಾಟಲಿಗಳು ಬಂದವು. ಒಂದು ಕಡೆ ಫಲ ಕೊಟ್ಟರೆ ಇನ್ನೊಂದು ಕಡೆ ಇಲ್ಲ ಎನ್ನುವಂತಾಯಿತು. ತಮಾಷೆಯೆಂದರೆ, ಆ ವಸ್ತು ಕಬ್ಬಿನ ಮೇಣದಲ್ಲೂ ಇದೆ. ನಿಮ್ಮ ಕಾರ್ಖಾನೆಯ ಪ್ರೆಸ್‌ಮಡ್ಡಿನಲ್ಲಿ ಆ ಮೇಣವಿದೆ. ಹಾಗೆಂದು ಪ್ರೆಸ್‌ಮಡ್ಡನ್ನು ಚೋದಕವೆಂದು ಹರಡಬೇಡಿ. ಚೆನ್ನಾಗಿ ಕಳಿಸಿ ಗೊಬ್ಬರವೆಂದು ಹರಡಿ. ಉಗ್ರಾಣ ತುಂಬಿಸುವುದು ಅದೇ.

ನಾವು ಹೊಡೆದದ್ದು ಉಣ್ಣುವವರ ಬಾಯಿಗೆ ಹೋಗುತ್ತದೆಂಬ ಎಚ್ಚರವೂ ಬೇಕು. ಅಮೆರಿಕದಲ್ಲಿ ಕಡಲೆಕಾಯಿಯ ಬಳ್ಳಿ ಗಿಡ್ಡವಾಗಿರಲೆಂದು ಡ್ಯಾಮಿನೊಜೈಡ್ ಎಂಬ ಬೆಳವಣಿಗೆ ತಡೆಯನ್ನು ಬಳಸುತ್ತಿದ್ದರು. ಸೇಬಿಗೂ ಅದೇ. ಅದರಿಂದ ಕ್ಯಾನ್ಸರ್ ಬರಬಹುದೆಂಬ ಆತಂಕ ಎದ್ದು, 1989ರಲ್ಲಿ ತಿನ್ನುವ ಬೆಳೆಗಳಿಗೆ ಅದರ ಬಳಕೆ ನಿಂತಿತು. ಅದು ಚೋದಕದ ಕಥೆ. ಕೀಟನಾಶಕದ ಕಥೆಯನ್ನು ನಮ್ಮ ಕಾಸರಗೋಡಿನವರು ಅನುಭವಿಸಿದ್ದಾರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ದೇಶದಾದ್ಯಂತ ತಡೆಹಿಡಿಯಿತು. ಶಿಫಾರಸು ಮಾಡಿದ ಬೆಳೆಗೆ, ಶಿಫಾರಸು ಮಾಡಿದ ದಿನಕ್ಕೆ ಮಾತ್ರ ಹೊಡೆಯಿರಿ ಎಂದು ಹೇಳುವುದು ಇದಕ್ಕೇ.

ನಾಲ್ಕು ಸಾಲು ಬಿಡಿ

ಕೊನೆಯ ಮಾತು. ನನ್ನನ್ನೂ ನಂಬಬೇಡಿ, ಅಂಗಡಿಯವರನ್ನೂ ನಂಬಬೇಡಿ. ನಿಮ್ಮ ತಕ್ಕಡಿಯನ್ನು ನಂಬಿ. ಚೋದಕ ಹೊಡೆಯುವ ವರ್ಷ ಹೊಲದ ನಡುವೆ ನಾಲ್ಕು ಸಾಲುಗಳಿಗೆ ಬರೀ ನೀರು ಹೊಡೆಯಿರಿ. ಬದುವಿನ ಅಂಚಿನ ಸಾಲು ಬೇಡ, ಅಲ್ಲಿ ಬೆಳೆ ಬೇರೆ ರೀತಿಯಿರುತ್ತದೆ. ಉಳಿದ ಬೇಸಾಯವೆಲ್ಲ ಒಂದೇ ಇರಲಿ. ಕೊಯ್ಲಿನಲ್ಲಿ ಆ ನಾಲ್ಕು ಸಾಲನ್ನೂ, ಪಕ್ಕದ ಹೊಡೆದ ನಾಲ್ಕು ಸಾಲನ್ನೂ ಬೇರೆ ಬೇರೆ ಬಡಿದು, ಒಣಗಿಸಿ ತೂಗಿ.

ಆಮೇಲೆ ಲೆಕ್ಕ ಹಾಕಿ. ಉದಾಹರಣೆಗೆ, ಎಕರೆಗೆ ಔಷಧಿ ಮತ್ತು ಕೂಲಿ ಸೇರಿ 900 ರೂಪಾಯಿ ಆಯಿತು, ಕಾಳಿಗೆ ಕಿಲೋಗೆ 60 ರೂಪಾಯಿ ಸಿಕ್ಕಿತು ಎನ್ನೋಣ. ಆಗ ಎಕರೆಗೆ 15 ಕಿಲೋ ಹೆಚ್ಚು ಬಂದರೆ ಖರ್ಚು ಮಾತ್ರ ಹುಟ್ಟಿತು. ಅದಕ್ಕಿಂತ ಮೇಲೆ ಬಂದದ್ದು ನಿಮ್ಮದು. ಬರಲಿಲ್ಲವೇ? ಮುಂದಿನ ವರ್ಷ ಆ ಹಣವನ್ನು ಜಿಪ್ಸಮ್ಮಿಗೋ ಜೇನುಪೆಟ್ಟಿಗೆಗೋ ಹಾಕಿ. ಕಾರ್ಖಾನೆಯ ತೂಕದ ಸೇತುವೆಯ ಮೇಲೆ ಕಬ್ಬಿನ ಗಾಡಿ ನಿಂತಾಗ ಒಂದೊಂದು ಕಿಲೋಗೂ ಕಣ್ಣಿಡುವ ನಿಮಗೆ ತೂಕದ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಆ ಕಣ್ಣನ್ನು ಎಣ್ಣೆಕಾಳಿನ ಹೊಲಕ್ಕೂ ತಂದುಕೊಳ್ಳಿ.

ನನ್ನ ಭಾವ ಈಗಲೂ ಸೂರ್ಯಕಾಂತಿ ಬಿತ್ತುತ್ತಾರೆ. ಅವರ ಮನೆಯ ಹಜಾರದ ಮೊಳೆಗಳಲ್ಲಿ ಎರಡು ಕ್ಯಾನು ನೇತಾಡುತ್ತವೆ, ಒಂದು ಕೆಂಪು, ಒಂದು ಹಳದಿ. ಇಂದು ನಿಮ್ಮ ಮನೆ ಸೇರಿದ ಮೇಲೆ ನಿಮ್ಮ ಕ್ಯಾನನ್ನು ಒಮ್ಮೆ ನೋಡಿಕೊಳ್ಳಿ. ನಾನು ಹೇಳಿದ ಪಿ.ಪಿ.ಎಂ. ಲೆಕ್ಕ ಮರೆತರೂ ಇದೊಂದನ್ನು ಮರೆಯಬೇಡಿ.

ಗೇಟು ಮುಚ್ಚುವ ಮುನ್ನ ಸುಖವಾಗಿ ಊರು ಸೇರಿ.